ಪ್ರೀತಿಸಿದ ವಿಷಯ ಹೊಟ್ಟೆಗಾಗಲಿಲ್ಲ, ಹೆದರಿದ ವಿಷಯ ಅನ್ನ ಹಾಕಿತು: ನಿಮಗೂ ಹೀಗೆಯೇ?

ಪ್ರಶ್ನೆ: ಡೈರಿಅಕ್ಕ, ಪಾಂಡವಪುರ ತಾಲ್ಲೂಕು

ನಮ್ಮಣ್ಣನ ಮಗಳು ಈ ವರ್ಷ ಹತ್ತನೇ ತರಗತಿ. ಕನ್ನಡ ಪರೀಕ್ಷೆಯ ಹಿಂದಿನ ರಾತ್ರಿ ಪ್ರಸ್ತಾರ ಹಾಕುತ್ತಾ, ಅಂದರೆ ಪದ್ಯದ ಅಕ್ಷರಗಳಿಗೆ ಲಘು ಗುರು ಎಂದು ಗುರುತು ಹಾಕುತ್ತಾ, ಕುಳಿತವಳು ಪೆನ್ನು ಕೆಳಗಿಟ್ಟು, "ಅತ್ತೆ, ಈ ಲಘು ಗುರು ಕಲಿತು ಮುಂದೆ ಏನು ಪ್ರಯೋಜನ?" ಎಂದು ಕೇಳಿದಳು. "ಏನೂ ಇಲ್ಲ" ಎಂದೆ. ಅತ್ತಿಗೆಗೆ ಸಿಟ್ಟು ಬಂತು. ಓದುವ ಮಕ್ಕಳ ಮುಂದೆ ಹೀಗೆ ಹೇಳಬಹುದೇ ಎಂದು ಬೈದರು. ಆದರೆ ನಾನು ನಿಜವನ್ನೇ ಹೇಳಿದ್ದೆ. ಈ ಛಂದಸ್ಸನ್ನು, ಪದ್ಯದ ಲಯದ ಲೆಕ್ಕವನ್ನು, ನನ್ನಷ್ಟು ಹಚ್ಚಿಕೊಂಡವರು ನಮ್ಮ ಶಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅದರಿಂದ ನನಗೆ ಇದುವರೆಗೆ ನಯಾಪೈಸೆಯ ಉಪಯೋಗವಾಗಿಲ್ಲ.

ನಾನು 1994ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವಳು, ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ಆಗ ನನ್ನನ್ನು ಅಳಿಸುತ್ತಿದ್ದುದು ರಸಾಯನ ವಿಜ್ಞಾನ. ಸಮೀಕರಣ ಸರಿದೂಗಿಸಿ ಎಂದು ಬೋರ್ಡಿನ ಮುಂದೆ ನಿಲ್ಲಿಸಿದರೆ ಕೈ ಬೆವರುತ್ತಿತ್ತು. ಪ್ರಯೋಗಾಲಯ ಎಂಬ ಫಲಕವಿದ್ದ ಕೋಣೆಯಲ್ಲಿ ಮುರಿದ ಬೆಂಚುಗಳನ್ನು ಪೇರಿಸಿದ್ದರು. ಸಲ್ಫ್ಯೂರಿಕ್ ಆಮ್ಲವನ್ನು ನಾವು ಕಂಡದ್ದು ಪುಸ್ತಕದ ಚಿತ್ರದಲ್ಲಿ ಮಾತ್ರ. "ಆಮ್ಲಕ್ಕೆ ನೀರು ಸುರಿಯಬಾರದು, ನೀರಿಗೆ ಆಮ್ಲ ಸುರಿಯಬೇಕು" ಎಂಬುದನ್ನು ಮಂತ್ರದಂತೆ ಉರು ಹೊಡೆದಿದ್ದೆವು. ಏಕೆ ಎಂದು ಕೇಳಿದವರಿಲ್ಲ, ಹೇಳಿದವರೂ ಇಲ್ಲ.

ಈಗ ನೋಡಿ, ನಾನು ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತರಬೇತಿಗೆ ಕಳುಹಿಸಿದರು. ಅಲ್ಲಿ ಮೇಜಿನ ಮೇಲೆ ಅದೇ ಆಮ್ಲ! ಹಾಲಿನ ಜಿಡ್ಡು ಅಳೆಯುವ ಗರ್ಬರ್ ವಿಧಾನದಲ್ಲಿ ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ ಮೊದಲು 10 ಮಿಲಿಲೀಟರ್ ಆಮ್ಲ, ಅದರ ಮೇಲೆ 10.75 ಮಿಲಿಲೀಟರ್ ಹಾಲು, ಕೊನೆಗೆ 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಹಾಕಬೇಕು. ಹಾಲಿನಲ್ಲಿ ಹೆಚ್ಚಿನದು ನೀರೇ. ಅಂದ ಮೇಲೆ ಆಮ್ಲಕ್ಕೆ ನೀರು ಸುರಿದಂತಾಯಿತಲ್ಲ ಎಂದು ನಾನು ಕೈ ಹಿಂದೆಗೆದೆ. ಕಲಿಸುತ್ತಿದ್ದವರು ನಕ್ಕು, ಹಾಲನ್ನು ಕೊಳವೆಯ ಗೋಡೆಗುಂಟ ನಿಧಾನವಾಗಿ ಇಳಿಸಿ ತೋರಿಸಿದರು. ಆಮ್ಲ ಹಾಲಿಗಿಂತ ಬಹಳ ಭಾರ, ಹಾಗಾಗಿ ಹಾಲು ಅದರ ಮೇಲೆ ಪದರವಾಗಿ ನಿಲ್ಲುತ್ತದೆ. ಬಿರಡೆ ಹಾಕಿ, ಬಟ್ಟೆ ಸುತ್ತಿ ಹಿಡಿದು ಆಮೇಲೆ ಅಲುಗಾಡಿಸಬೇಕು. ಆಗ ಕೊಳವೆ ಬಿಸಿಯಾಗುತ್ತದೆ. ಆ ಬಿಸಿಯೇ ಸಮೀಕರಣದ ಬಲಭಾಗದಲ್ಲಿ "ಉಷ್ಣ" ಎಂದು ನಾವು ಬರೆದು ಅಂಕ ಪಡೆಯುತ್ತಿದ್ದ ಪದಾರ್ಥ ಎಂದು ಅಂಗೈಗೆ ಗೊತ್ತಾಯಿತು. ಆಮ್ಲ ಹಾಲಿನ ಪ್ರೋಟೀನನ್ನು ಕರಗಿಸಿಬಿಡುತ್ತದೆ, ಜಿಡ್ಡು ಬಿಡುಗಡೆಯಾಗುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಹಗುರವಾದ ಜಿಡ್ಡು ಬೇರೆಯಾಗಿ ಕೊಳವೆಯ ಕುತ್ತಿಗೆಯಲ್ಲಿ ಹೊಂಬಣ್ಣದ ಕಂಬವಾಗಿ ನಿಲ್ಲುತ್ತದೆ. ಗೆರೆ ಎಣಿಸಿದರೆ ಫ್ಯಾಟ್ ಎಷ್ಟು ಎಂದು ಸಿಕ್ಕಿತು.

ಲ್ಯಾಕ್ಟೋಮೀಟರ್ ಕಥೆ ಇನ್ನೂ ಸ್ವಾರಸ್ಯವಾದುದು. ಅದು 28 ತೋರಿಸಿದರೆ ಹಾಲಿನ ಸಾಂದ್ರತೆ 1.028 ಎಂದರ್ಥ, ನಮ್ಮ ಮಾತಿನಲ್ಲಿ ಡಿಗ್ರಿ. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ, ಇದು ಎಲ್ಲರಿಗೂ ಗೊತ್ತು. ಕೆನೆ ತೆಗೆದರೆ ಡಿಗ್ರಿ ಏರುತ್ತದೆ, ಇದು ಬುದ್ಧಿವಂತರಿಗೆ ಮಾತ್ರ ಗೊತ್ತು. ಹಾಗಾಗಿ ಮೊದಲು ಕೆನೆ ತೆಗೆದು ಆಮೇಲೆ ಅಷ್ಟಕ್ಕೆ ತಕ್ಕ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಏನೂ ಆಗಿಲ್ಲವೆಂಬಂತೆ ತೇಲುತ್ತಿರುತ್ತದೆ. ಅದಕ್ಕೇ ಡಿಗ್ರಿ, ಫ್ಯಾಟ್ ಎರಡನ್ನೂ ನೋಡುವುದು. ಡಿಗ್ರಿಯ ಕಾಲುಭಾಗ, ಫ್ಯಾಟಿನ ಕಾಲುಭಾಗ, ಅದಕ್ಕೆ 0.44 ಸೇರಿಸಿದರೆ ಎಸ್‌ಎನ್‌ಎಫ್, ಅಂದರೆ ಜಿಡ್ಡು ಬಿಟ್ಟು ಹಾಲಿನಲ್ಲಿರುವ ಘನಾಂಶ. ನಮಗೆ ಕಲಿಸಿದ ಲೆಕ್ಕ ಇದು. ಡಿಗ್ರಿ 29, ಫ್ಯಾಟ್ 4 ಇದ್ದರೆ 8.69. ಈಗ ಇದನ್ನೆಲ್ಲ ಯಂತ್ರವೇ ಅಳೆದು ಚೀಟಿ ಕೊಡುತ್ತದೆ. ಆದರೂ "ನಿಮ್ಮ ಮಿಷನ್ ಸುಳ್ಳು ಹೇಳುತ್ತಿದೆ" ಎಂದು ಯಾರಾದರೂ ಜಗಳಕ್ಕೆ ನಿಂತರೆ ನಾನು ಕಪಾಟಿನಿಂದ ಗಾಜಿನ ಕೊಳವೆ ತೆಗೆಯುತ್ತೇನೆ. ಅರ್ಧ ಜಗಳ ಆ ಕೊಳವೆ ಕಂಡೊಡನೆ ಮುಗಿಯುತ್ತದೆ.

ಹೀಗೆ ಹೆದರಿದ ವಿಷಯ ಅನ್ನ ಹಾಕಿತು. ಪ್ರೀತಿಸಿದ ಛಂದಸ್ಸೋ? ಬಸ್ಸಿನ ಫಲಕಕ್ಕೆ, ಮದುವೆಯ ಕರೆಯೋಲೆಗೆ, ಹಾಲು ಹಾಕುವವರ ಹೆಸರಿಗೆ ಮನಸ್ಸಿನಲ್ಲೇ ಪ್ರಸ್ತಾರ ಹಾಕುವ ಚಟವಾಗಿ ಉಳಿದಿದೆ, ಅಷ್ಟೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಎಣಿಸಿದರೆ ಮೈಸೂರು, ಮದ್ದೂರು, ಮಳವಳ್ಳಿ ಮೂರಕ್ಕೂ ಐದೈದು ಮಾತ್ರೆ. ಕೃಷ್ಣರಾಜಪೇಟೆ ಮೂರು ಮೂರು ಮೂರು, ಕುದುರೆಯ ಓಟ. ನಾಗಮಂಗಲ ಮಾತ್ರ ಮೂರು ನಾಲ್ಕು, ಅಂದರೆ ಅಪ್ಪಟ ಭಾಮಿನಿ. ನಮ್ಮ ಕಡೆ ಶ್ರೀರಂಗಪಟ್ಟಣವನ್ನು ಪಟ್ಟಣ ಎಂದೇ ಕರೆಯುವುದರಿಂದ "ನಾಗಮಂಗಲ ಮಂಡ್ಯ ಪಟ್ಟಣ" ಎಂದು ಕಂಡಕ್ಟರ್ ಕೂಗಿದರೆ ಆರು ಪಾದಗಳ ಭಾಮಿನಿ ಷಟ್ಪದಿಯ ಒಂದು ಪಾದ ಸಂಪೂರ್ಣ. ಮೂರು ನಾಲ್ಕು ಮೂರು ನಾಲ್ಕು. ಇದರಿಂದ ಟಿಕೆಟ್ ದರ ಕಡಿಮೆಯಾಗುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. ಶಾಲೆಯಲ್ಲಿ ನೀವು ತುಂಬ ಇಷ್ಟಪಟ್ಟು, ಆಮೇಲೆ ಎಳ್ಳಷ್ಟೂ ಉಪಯೋಗಕ್ಕೆ ಬಾರದ ವಿಷಯ ಯಾವುದು? ಕಾಡಿದ ವಿಷಯ ಯಾವುದು, ಅದು ಈಗ ನಿಮ್ಮ ಜೊತೆ ಹೇಗಿದೆ? "ಯಾವ ವಿದ್ಯೆಯೂ ವ್ಯರ್ಥವಲ್ಲ" ಎಂಬ ಉತ್ತರ ಮಾತ್ರ ಬೇಡ. ಅದನ್ನು ಅತ್ತಿಗೆ ಆಗಲೇ ಹೇಳಿದ್ದಾರೆ.


ಉತ್ತರ: ಸರಪಳಿ33, ಮಳವಳ್ಳಿ

ಅಕ್ಕ, ನಾನು ಪರವಾನಗಿ ಪಡೆದ ಭೂಮಾಪಕ. ಜಮೀನು ಭಾಗ ಮಾಡುವ ಹಿಸ್ಸೆ, ಪೋಡಿ, ಗಡಿ ಗುರುತಿಸುವ ಹದ್ದುಬಸ್ತು ಇವೇ ನನ್ನ ಬದುಕು. ಶಾಲೆಯಲ್ಲಿ ರೇಖಾಗಣಿತ ನನ್ನ ಪಾಲಿನ ಶನಿ. ಪ್ರಮೇಯಗಳನ್ನು "ದತ್ತ, ಸಾಧನೀಯ, ರಚನೆ" ಎಂದು ಅಕ್ಷರಶಃ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆ. ತ್ರಿಭುಜಕ್ಕೆ ಹೆಸರು ಬದಲಾಯಿಸಿ ಕೊಟ್ಟರೆ ಅಲ್ಲಿಗೆ ನನ್ನ ಕಥೆ ಮುಗಿಯುತ್ತಿತ್ತು.

ಈಗ ನನ್ನ ದಿನದ ಕೆಲಸದ ಒಂದು ಉದಾಹರಣೆ ಹೇಳುತ್ತೇನೆ. ಒಂದು ಕುಟುಂಬದಲ್ಲಿ ಅಣ್ಣತಮ್ಮಂದಿರ ಭಾಗ. ನಾಲೆಯ ಪಕ್ಕದಲ್ಲಿ ಮೂರು ಬದಿಯ ಗದ್ದೆ. ನಮ್ಮ ಹಳೆಯ ಸರ್ವೆ ಸರಪಳಿ 33 ಅಡಿ ಉದ್ದ. ಅದರಲ್ಲಿ ಒಂದು ಸೊಗಸಿದೆ: ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಎಂದರೆ 1,089 ಚದರಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಎಕರೆ, ಗುಂಟೆಗೆ 16 ಆಣೆ. ಹಾಗಾಗಿ ಸರಪಳಿಯಲ್ಲಿ ಅಳೆದರೆ ಬರುವ ಉತ್ತರ ನೇರವಾಗಿ ಗುಂಟೆಯಲ್ಲೇ ಇರುತ್ತದೆ. ಈ ಗದ್ದೆಯ ಬದಿಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು 13, 14, 15 ಸರಪಳಿ ಎಂದಿಟ್ಟುಕೊಳ್ಳಿ.

ಊರಿನ ಹಿರಿಯರ ಲೆಕ್ಕ ಏನೆಂದರೆ, ಎದುರುಬದುರಿನ ಬದಿಗಳನ್ನು ಕೂಡಿ ಅರ್ಧ ಮಾಡಿ, ಆ ಎರಡು ಅರ್ಧಗಳನ್ನು ಗುಣಿಸುವುದು. ನಾಲ್ಕನೇ ಬದಿ ಚೂಪಾಗಿ ಹೋಗಿದೆ, ಅದು ಸೊನ್ನೆ. 13 ಮತ್ತು 15ರ ಅರ್ಧ 14. 14 ಮತ್ತು ಸೊನ್ನೆಯ ಅರ್ಧ 7. ಗುಣಿಸಿದರೆ 98 ಗುಂಟೆ, 2 ಎಕರೆ 18 ಗುಂಟೆ. ಒಂಬತ್ತನೇ ತರಗತಿಯ ಹೆರಾನನ ಸೂತ್ರ ಬೇರೆಯದನ್ನೇ ಹೇಳುತ್ತದೆ. ಮೂರೂ ಬದಿ ಕೂಡಿ ಅರ್ಧ ಮಾಡಿದರೆ 21. ಅದರಲ್ಲಿ ಒಂದೊಂದು ಬದಿಯನ್ನು ಕಳೆದರೆ 8, 7, 6. ನಾಲ್ಕನ್ನೂ ಗುಣಿಸಿದರೆ 7,056. ಅದರ ವರ್ಗಮೂಲ 84. ಅಂದರೆ 2 ಎಕರೆ 4 ಗುಂಟೆ. 14 ಗುಂಟೆ ಮಾಯ! ಇದನ್ನು ಹೇಳಿದ ದಿನ ತಮ್ಮನಾದವನು ಅಣ್ಣನನ್ನು ಬಿಟ್ಟು ನನ್ನ ಮೇಲೆ ತಿರುಗಿಬಿದ್ದ. ಹದಿನಾಲ್ಕು ಗುಂಟೆಯನ್ನು ಸರ್ವೆಯವನು ನುಂಗಿದ ಎಂದು ಟೀ ಅಂಗಡಿಯಲ್ಲಿ ಪ್ರಚಾರವಾಯಿತು.

ಹಿರಿಯರ ಲೆಕ್ಕವನ್ನು ನಾನು ಹೀಗಳೆಯುವುದಿಲ್ಲ. ಬ್ರಹ್ಮಗುಪ್ತ 628ರಲ್ಲೇ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೇಳಿದ್ದಾನೆ. ಎದುರು ಬದಿಗಳ ಅರ್ಧಗಳ ಗುಣಲಬ್ಧ ಸ್ಥೂಲ, ವರ್ಗಮೂಲದ ಲೆಕ್ಕ ಸೂಕ್ಷ್ಮ. ನಾಲ್ಕು ಬದಿಗೆ ಅವನು ಕೊಟ್ಟ ಸೂಕ್ಷ್ಮ ಸೂತ್ರ ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲೆ ಕೂರುವ ಆಕೃತಿಗೆ ಮಾತ್ರ ಸರಿ. ಅದರಲ್ಲಿ ಒಂದು ಬದಿಯನ್ನು ಸೊನ್ನೆ ಮಾಡಿದರೆ ಹೆರಾನನ ಸೂತ್ರವೇ ಬರುತ್ತದೆ. ಆಯತಾಕಾರದ ಗದ್ದೆಗೆ ಹಿರಿಯರ ಲೆಕ್ಕ ಚೊಕ್ಕ. ಬದಿಗಳು ಓರೆಯಾದಷ್ಟೂ ಅದು ಹೆಚ್ಚು ತೋರಿಸುತ್ತದೆ, ಎಂದೂ ಕಡಿಮೆ ತೋರಿಸುವುದಿಲ್ಲ. ಅದಕ್ಕೇ ಅದು ಊರಿನಲ್ಲಿ ಇಷ್ಟು ಜನಪ್ರಿಯ ಎಂದು ನನ್ನ ಗುಮಾನಿ.

ಇನ್ನು ಇಷ್ಟಪಟ್ಟು ಕೆಲಸಕ್ಕೆ ಬಾರದೇ ಹೋದದ್ದು ಇತಿಹಾಸ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾದದ್ದು, ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ ಬಳಸಿದ್ದು, ಹಳೆಯ ಕನ್ನಂಬಾಡಿ ಊರು ಮುಳುಗಿದ್ದು, ಎಲ್ಲ ನಾಲಿಗೆಯ ತುದಿಯಲ್ಲಿದೆ. ಮಳೆಗಾಲದಲ್ಲಿ "ಕಟ್ಟೆ ಎಷ್ಟು ಅಡಿ ಬಂತು" ಎಂದು ಊರೆಲ್ಲ ಮಾತಾಡುವಾಗ ಪೂರ್ಣಮಟ್ಟ 124.80 ಅಡಿ ಎಂದು ಮಧ್ಯೆ ಬಾಯಿ ಹಾಕುತ್ತೇನೆ. ಅದು ಮಂಡ್ಯ ಜಿಲ್ಲೆಯಲ್ಲಿ ಎಳೆಯ ಮಗುವಿಗೂ ಗೊತ್ತು, ಯಾರೂ ತಿರುಗಿ ನೋಡುವುದಿಲ್ಲ.


ಉತ್ತರ: ಮೂರನೇಭಾಷೆ, ಮೈಸೂರು

ಕಾಡಿದ್ದು ಹಿಂದಿ. ಬಸ್ ಹೆಣ್ಣಂತೆ, ಟ್ರಕ್ ಗಂಡಂತೆ, ರೊಟ್ಟಿ ಹೆಣ್ಣು, ಮೊಸರು ಗಂಡು. ಜೀವವೇ ಇಲ್ಲದ ವಸ್ತುಗಳ ಲಿಂಗ ತಿಳಿಯದೆ ಎಷ್ಟೋ ಅಂಕ ಹೋಯಿತು. ಈಗ ದೇವರಾಜ ಅರಸ್ ರಸ್ತೆಯಲ್ಲಿ ರೇಷ್ಮೆ ಸೀರೆ ಮಾರುತ್ತೇನೆ. ದಸರೆ ಬಂದರೆ ಉತ್ತರದ ಪ್ರವಾಸಿಗರ ಜೊತೆ ಬೆಳಗಿನಿಂದ ರಾತ್ರಿಯವರೆಗೆ ಹಿಂದಿಯೇ. ಲಿಂಗ ಈಗಲೂ ತಪ್ಪು, ವ್ಯಾಪಾರ ಸರಿ.

ಇಷ್ಟವಾಗಿದ್ದು ಭೂಪಟ ಬಿಡಿಸುವುದು. ಕಾವೇರಿಯನ್ನು ತಲಕಾವೇರಿಯಿಂದ ಸಮುದ್ರದವರೆಗೆ ಪೆನ್ಸಿಲ್ ಎತ್ತದೆ ಎಳೆಯುತ್ತಿದ್ದೆ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ ಎಲ್ಲೆಲ್ಲಿ ಸೇರಬೇಕೋ ಅಲ್ಲಲ್ಲೇ ಸೇರುತ್ತಿದ್ದವು. ಉಪಯೋಗ ಶೂನ್ಯ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಬಿಲ್ಲಿನ ಹಿಂಬದಿಯಲ್ಲಿ ಈಗಲೂ ಬಿಡಿಸುತ್ತೇನೆ.


ಉತ್ತರ: ಕುವೆಂಪುನಗರವಾಸಿ, ಮೈಸೂರು

ಡೈರಿಅಕ್ಕ ಅವರೇ, ಬರಹ ಸೊಗಸಾಗಿದೆ, ಆದರೆ ಧೋರಣೆ ಒಪ್ಪಲಾರೆ. ಉಪಯೋಗವಿಲ್ಲ ಎಂದು ನೀವೇ ಹೇಳುತ್ತೀರಿ, ಮತ್ತೆ ಅದನ್ನೇ ಕೊಂಡಾಡುತ್ತೀರಿ. ನನ್ನ ಮಗನೂ ಹತ್ತನೇ ತರಗತಿ. ಬೆಳಿಗ್ಗೆ ಟ್ಯೂಷನ್, ಸಂಜೆ ಟ್ಯೂಷನ್, ಮುಂದೆ ಸಿಇಟಿ. ಅವನಿಗೆ ನಿದ್ದೆಗೇ ಸಮಯ ಸಾಲದಿರುವಾಗ ಬಸ್ಸಿನ ಫಲಕಕ್ಕೆ ಪ್ರಸ್ತಾರ ಹಾಕುವ ವಿದ್ಯೆಯನ್ನು ಪಠ್ಯದಲ್ಲಿ ಇಟ್ಟುಕೊಂಡು ಕೂರಬೇಕೇ? ಅಂಕ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಓದಿಸುತ್ತಿದ್ದೇನೆ. ಕಟುವಾಗಿದ್ದರೆ ಕ್ಷಮಿಸಿ, ನನ್ನ ಸ್ಥಿತಿ ಹಾಗಿದೆ.


ಮರುಉತ್ತರ: ಡೈರಿಅಕ್ಕ

ಸರಪಳಿ ಅಣ್ಣನವರೇ, ನಿಮ್ಮ ಹದಿನಾಲ್ಕು ಗುಂಟೆಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆ, ಸರಿಯಿದೆ. ನಮ್ಮ ಮನೆಯ ಕೆರೆಯೇರಿ ಹೊಲವೂ ಮೂರು ಬದಿಯದು. ಪಹಣಿಯಲ್ಲಿರುವುದಕ್ಕಿಂತ ಹೆಚ್ಚಿದೆ ಎಂದು ಮಾವನವರು ಹೆಮ್ಮೆಪಡುತ್ತಿದ್ದರು. ನಾನು ಬಾಯಿ ಬಿಡುವುದಿಲ್ಲ.

ಕುವೆಂಪುನಗರದ ಸರ್, ಕ್ಷಮೆ ಏಕೆ ಕೇಳುತ್ತೀರಿ, ನೀವು ಹೇಳಿದ್ದರಲ್ಲಿ ಅರ್ಧ ನಿಜ. ಆದರೆ ಒಂದು ಮಾತು. ರಸಾಯನ ವಿಜ್ಞಾನ ನನಗೆ ಉಪಯೋಗಕ್ಕೆ ಬಂತು ಎಂದೆನಲ್ಲ, ಶಾಲೆಯಲ್ಲಿ ಓದುವಾಗ ಅದು ಬರುತ್ತದೆಂದು ಯಾರಿಗೆ ಗೊತ್ತಿತ್ತು? ನಾನು ಡೈರಿಗೆ ಬಂದದ್ದೇ ಆಕಸ್ಮಿಕ. ಮದುವೆಯಾಗಿ ಬಂದ ಊರಿನಲ್ಲಿ ಎಸ್‌ಎಸ್‌ಎಲ್‌ಸಿ ಆದ ಹೆಂಗಸು ಬೇಕಾಗಿತ್ತು, ನಾನಿದ್ದೆ. ಬದಲಿಗೆ ಯಾವುದಾದರೂ ಅಚ್ಚುಕೂಟದಲ್ಲಿ ಕೆಲಸ ಸಿಕ್ಕಿದ್ದರೆ ಛಂದಸ್ಸು ಅನ್ನ ಹಾಕಿ ಆಮ್ಲ ನಿರುಪಯೋಗಿ ಆಗುತ್ತಿತ್ತೇನೋ. ಇಂಥದ್ದು ಮುಂದೆ ಬೇಕಾಗುತ್ತದೆ, ಇಂಥದ್ದು ಬೇಡ ಎಂದು ಹದಿನೈದು ವರ್ಷದ ಹುಡುಗನ ವಿಷಯದಲ್ಲಿ ತೀರ್ಮಾನಿಸುವ ಧೈರ್ಯ ನನಗಂತೂ ಇಲ್ಲ. ನಿಮಗಿದ್ದರೆ ನಮಸ್ಕಾರ.

ಇನ್ನೊಂದು. ಉಪಯೋಗವಿಲ್ಲ ಎಂದು ಹೇಳಿದ್ದಕ್ಕೇ ನನ್ನ ಸೋದರಸೊಸೆ ಆ ರಾತ್ರಿ ಪುಸ್ತಕ ಮುಚ್ಚದೆ ಕುಳಿತಳು. "ಹಾಗಾದರೆ ನಿನಗೇಕೆ ಇಷ್ಟ?" ಎಂದು ಕೇಳಿದಳು. ನಮ್ಮ ಕನ್ನಡ ಪಂಡಿತರು ಪಾಠ ಮಾಡುತ್ತಿದ್ದ ಬಗೆಯನ್ನು ಹೇಳಿದೆ. ಅವರು ಮೊದಲು ನಿಯಮ ಹೇಳುತ್ತಿರಲಿಲ್ಲ. ಕುಮಾರವ್ಯಾಸನ ಪದ್ಯ ಹಾಡುತ್ತಾ ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದರು. ನಾವೂ ಬೆಂಚು ಕುಟ್ಟುತ್ತಿದ್ದೆವು. ಮೂರನೆಯ ಪಾದ ಬಂದಾಗ ಮಾತು ನಿಲ್ಲದೆ ಮುಂದಕ್ಕೆ ಓಡಿ, ಕೊನೆಗೆ ಒಂದು ಗುರುವಿನ ಮೇಲೆ ಕಾಲೂರಿ ನಿಲ್ಲುತ್ತದಲ್ಲ, ಅಲ್ಲಿ ಎಲ್ಲರ ಕೈಯೂ ಒಟ್ಟಿಗೆ ನಿಲ್ಲುತ್ತಿತ್ತು. ಪಕ್ಕದ ತರಗತಿಯ ಮೇಷ್ಟ್ರು ಬಂದು ಗದ್ದಲವೆಂದು ದೂರುತ್ತಿದ್ದರು. ಒಂದು ವಾರ ಕುಟ್ಟಿದ ಮೇಲೆ ಬೋರ್ಡಿನಲ್ಲಿ ಗೆರೆ ಎಳೆದು, ಇದುವರೆಗೆ ನೀವು ಮಾಡಿದ್ದು ಇದು ಎಂದು ತೋರಿಸಿದರು. ಆಮ್ಲದ ಪಾಠವನ್ನೂ ಯಾರಾದರೂ ಕೊಳವೆ ಕೈಗೆ ಕೊಟ್ಟು ಆರಂಭಿಸಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ. ಆದರೆ ಅದಕ್ಕೆ ಮೊದಲು ಬೆಂಚುಗಳನ್ನು ಹೊರಗೆ ಹಾಕಬೇಕಾಗಿತ್ತು.


ಉತ್ತರ: ಲೆಕ್ಕದಮೇಷ್ಟ್ರು, ಮೈಸೂರು

ಡೈರಿಅಕ್ಕ, ನಿಮ್ಮ ಪ್ರೀತಿಯ ವಿಷಯ ನಿರುಪಯೋಗಿ ಎನ್ನುವುದಕ್ಕೆ ನನ್ನದೊಂದು ತಕರಾರಿದೆ. ನೀವು ಅಷ್ಟು ವರ್ಷ ಮಾಡಿದ್ದು ಗಣಿತ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಮಾತ್ರೆಯನ್ನು ಒಂದೇ ಬಗೆಯಲ್ಲಿ ತುಂಬಬಹುದು. ಎರಡನ್ನು ಎರಡು ಬಗೆಯಲ್ಲಿ, ಮೂರನ್ನು ಮೂರು ಬಗೆಯಲ್ಲಿ, ನಾಲ್ಕನ್ನು ಐದು ಬಗೆಯಲ್ಲಿ, ಐದನ್ನು ಎಂಟು, ಆರನ್ನು 13, ಏಳನ್ನು 21. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುತ್ತದೆ. ಕಾರಣವೂ ಸರಳ. ಏಳು ಮಾತ್ರೆಯ ಸಾಲು ಲಘುವಿನಲ್ಲಿ ಮುಗಿದರೆ ಅದರ ಹಿಂದೆ ಆರು ಮಾತ್ರೆ ಇರಬೇಕು, ಗುರುವಿನಲ್ಲಿ ಮುಗಿದರೆ ಐದು. ಆದ್ದರಿಂದ 13 ಮತ್ತು 8 ಸೇರಿ 21.

ಜಗತ್ತು ಇದನ್ನು ಫಿಬೊನಾಚಿ ಸರಣಿ ಎಂದು ಕರೆಯುತ್ತದೆ. ಆ ಇಟಲಿಯವನು ಮೊಲದ ಲೆಕ್ಕದ ಮೂಲಕ ಇದನ್ನು ಬರೆದದ್ದು 1202ರಲ್ಲಿ. ಅದಕ್ಕೂ ಮೊದಲೇ, 12ನೇ ಶತಮಾನದಲ್ಲಿ, ಜೈನ ವಿದ್ವಾಂಸ ಹೇಮಚಂದ್ರ ಮಾತ್ರೆಗಳನ್ನು ಎಣಿಸುತ್ತಾ ಇದೇ ನಿಯಮ ಹೇಳಿದ್ದ. ಅವನಿಗಿಂತ ಎಷ್ಟೋ ಹಿಂದೆ ವಿರಹಾಂಕನೂ ಹೇಳಿದ್ದಾನೆ. ಇವರು ಎಣಿಸಿದ್ದು ಮೊಲವನ್ನಲ್ಲ, ಪದ್ಯವನ್ನು. ಪಿಯುಸಿ ಹುಡುಗರಿಗೆ ನಾನು ಈ ಸರಣಿಯನ್ನು ಬೆಂಚು ಕುಟ್ಟಿಸಿಯೇ ಹೇಳಿಕೊಡುತ್ತೇನೆ. ಪಕ್ಕದ ತರಗತಿಯವರ ದೂರು ನನಗೂ ಬಂದಿದೆ.

ಅಂದಹಾಗೆ ನಾನು ಶಾಲೆಯಲ್ಲಿ ಕನ್ನಡ ವ್ಯಾಕರಣಕ್ಕೆ ಹೆದರುತ್ತಿದ್ದವನು. ಅದರಲ್ಲೂ ಸಮಾಸ. ಅದು ಇಂದಿಗೂ ಯಾವ ಉಪಯೋಗಕ್ಕೂ ಬಂದಿಲ್ಲ, ಹೆದರಿಕೆಯೂ ಹೋಗಿಲ್ಲ.


ಮರುಉತ್ತರ: ಡೈರಿಅಕ್ಕ

ಮೇಷ್ಟ್ರೇ, 21ರ ಲೆಕ್ಕ ಓದಿ ಖುಷಿಯಾಯಿತು, ಆದರೆ ಸ್ವಲ್ಪ ತಡೆಯಿರಿ. ಅದು ಸಂಸ್ಕೃತ, ಪ್ರಾಕೃತದವರ ಎಣಿಕೆ. ಕನ್ನಡದ ಮಾತ್ರಾಗಣದಲ್ಲಿ, ಅಂದರೆ ಮಾತ್ರೆಗಳ ಗುಂಪಿನಲ್ಲಿ, ಲಗಾದಿ ಬರುವಂತಿಲ್ಲ ಎಂದು ನಮ್ಮ ಪಂಡಿತರು ಕಿವಿ ಹಿಂಡಿ ಹೇಳಿಕೊಟ್ಟಿದ್ದಾರೆ. ಗಣದ ಆರಂಭದಲ್ಲಿ ಒಂದು ಲಘು, ಅದರ ಬೆನ್ನಿಗೇ ಗುರು ಬಂದರೆ ನಡಿಗೆ ಎಡವುತ್ತದೆ. ಹಾಗಾಗಿ ಮೂರು ಮಾತ್ರೆಯ ಗಣದಲ್ಲಿ ನಿಮ್ಮ ಮೂರು ಬಗೆಯ ಪೈಕಿ ಒಂದು ಹೋಯಿತು, ಉಳಿದದ್ದು ಎರಡು. ನಾಲ್ಕು ಮಾತ್ರೆಯ ಐದರಲ್ಲಿ ನಡುವೆ ಗುರು ಇರುವ ಜಗಣ ಹೋಯಿತು, ಉಳಿದದ್ದು ನಾಲ್ಕು. ಭಾಮಿನಿಯ ಮೂರು ನಾಲ್ಕಕ್ಕೆ ಎರಡು ನಾಲ್ಕಲಿ ಎಂಟೇ ದಾರಿ. 21 ಅಲ್ಲ.

ಇದನ್ನು ಬರೆದ ಮೇಲೆ ಸುಮ್ಮನಿರಲಾಗಲಿಲ್ಲ, ಹಾಲಿನ ಲಾರಿ ಹೋದ ಮೇಲೆ ಮುಂದುವರಿಸಿದೆ. ಚಿಕ್ಕ ಪಾದದಲ್ಲಿ ಇಂಥ ಜೋಡಿ ಎರಡು, ಅಂದರೆ 64 ಬಗೆ. ಅಂಥ ಪಾದ ನಾಲ್ಕು. ಮೂರನೆಯ ಮತ್ತು ಆರನೆಯ ದೊಡ್ಡ ಪಾದದಲ್ಲಿ ಜೋಡಿ ಮೂರು, ಮೇಲೊಂದು ಗುರು, ಒಟ್ಟು 512 ಬಗೆ. ಎಲ್ಲವನ್ನೂ ಗುಣಿಸಿದರೆ ಒಂದು ಭಾಮಿನಿ ಷಟ್ಪದಿಯನ್ನು ಲಘು ಗುರುಗಳಲ್ಲಿ ತುಂಬುವ ದಾರಿಗಳು ನಾಲ್ಕು ಲಕ್ಷ ಕೋಟಿಗೂ ಮೇಲೆ. ಸಂಘದ ಕ್ಯಾಲ್ಕುಲೇಟರಿನಲ್ಲಿ ಜಾಗ ಸಾಲದೆ ಅದು ಕೈಚೆಲ್ಲಿತು. ನೀವೊಮ್ಮೆ ಪರೀಕ್ಷಿಸಿ ಹೇಳಿ. ಹೇಳಿದರೂ ಅದರಿಂದ ಲೀಟರಿಗೆ ಐದು ಪೈಸೆ ಹೆಚ್ಚು ಸಿಗುವುದಿಲ್ಲ, ಹಾಗಾಗಿ ನಿಮ್ಮ ತಕರಾರನ್ನು ನಾನು ಒಪ್ಪಿಲ್ಲ.


ಉತ್ತರ: ಲೆಕ್ಕದಮೇಷ್ಟ್ರು

ಎರಡರ 42ನೇ ಘಾತ. 4,39,804 ಕೋಟಿ ಚಿಲ್ಲರೆ. ಸರಿಯಿದೆ. ಲಗಾದಿಯ ವಿಷಯ ನನಗೆ ಹೊಸದು, ನಾಳೆ ತರಗತಿಯಲ್ಲಿ ನಿಮ್ಮ ಪಂಡಿತರ ಹೆಸರಿನಲ್ಲೇ ಹೇಳುತ್ತೇನೆ.


ಉತ್ತರ: ಕೆಂಪುಬಸ್, ನಾಗಮಂಗಲ

ಅಕ್ಕ, ನಾನು ನಿಜವಾಗಿಯೂ ಕಂಡಕ್ಟರ್. ಓದುವಾಗ ಇಷ್ಟವಾಗಿದ್ದು ಕನ್ನಡ, ಕಾಡಿದ್ದು ಲೆಕ್ಕ. ಈಗ ದಿನವೆಲ್ಲ ಚಿಲ್ಲರೆಯ ಲೆಕ್ಕ. ನೀವು ಒಂದು ಪಾದ ಕೊಟ್ಟು ಬಿಟ್ಟಿರಿ, ಮಧ್ಯಾಹ್ನ ನಿಲ್ದಾಣದಲ್ಲಿ ಬಸ್ ನಿಂತಿದ್ದಾಗ ಉಳಿದ ಐದನ್ನು ಕಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ.

ನಾಗಮಂಗಲ ಮಂಡ್ಯ ಪಟ್ಟಣ
ಸಾಗಿ ಬಂದಿತು ಕೆಂಪು ಬಸ್ಸಿದು
ಬೇಗ ಹತ್ತಿರಿ ಸೀಟು ಸಿಕ್ಕದು ನಿಂತು ಹೋಗುವಿರಿ
ರೇಗಬೇಡಿರಿ ಟಿಕೆಟು ಕೊಳ್ಳಿರಿ
ಹೋಗಬೇಕಿದೆ ಹಾಲು ಕರೆಯಲು
ಕೂಗಿ ಹೇಳುವೆ ಕಡೆಯ ಗಾಡಿಯು ಬಿಟ್ಟರಿರುಳಾಯ್ತು

ಐದನೆಯ ಪಾದ ನಿಮಗಾಗಿ.


ಮರುಉತ್ತರ: ಡೈರಿಅಕ್ಕ

ತಮ್ಮಾ, ಆರೂ ಪಾದಕ್ಕೆ ಪ್ರಸ್ತಾರ ಹಾಕಿದೆ, ಒಂದು ಮಾತ್ರೆಯೂ ಆಚೀಚೆ ಇಲ್ಲ. ಎರಡನೆಯ ಅಕ್ಷರ ಎಲ್ಲ ಕಡೆ ಗಕಾರ, ಅದರ ಹಿಂದೆ ದೀರ್ಘ. ಗಜಪ್ರಾಸವನ್ನೂ ಬಿಟ್ಟಿಲ್ಲ! "ಟಿಕೆಟು" ಎಂದು ಮೂರು ಲಘು ಮಾಡಿದ ಜಾಣತನಕ್ಕೆ ಪಂಡಿತರಾಗಿದ್ದರೆ ಬೆನ್ನು ತಟ್ಟುತ್ತಿದ್ದರು. ಇದನ್ನು ಸೋದರಸೊಸೆಗೆ ಕಳುಹಿಸಿದ್ದೇನೆ. ಪಠ್ಯದ ಪದ್ಯಕ್ಕಿಂತ ಬೇಗ ಬಾಯಿಗೆ ಬಂತಂತೆ.


ಉತ್ತರ: ಕುವೆಂಪುನಗರವಾಸಿ

ಮಗ ನನ್ನ ಹಿಂದೆ ನಿಂತು ಇದೆಲ್ಲವನ್ನೂ ಓದಿದ. ಟ್ಯೂಷನ್ನಿಗೆ ತಡವಾಗಿದೆ. "ಕುವೆಂಪುನಗರ ಭಾಮಿನಿಗೆ ಕೂರುತ್ತದೆಯೇ ಕೇಳಿ" ಎಂದು ಹೇಳಿ ಹೋಗಿದ್ದಾನೆ. ಏಳು ಮಾತ್ರೆ ಇದೆ ಎಂದು ಅವನ ಲೆಕ್ಕ. ನನಗೆ ಇದರ ಗಂಧಗಾಳಿ ಇಲ್ಲ, ಕೇಳಿದ್ದೇನೆ ಅಷ್ಟೆ.


ಮರುಉತ್ತರ: ಡೈರಿಅಕ್ಕ

ಏಳು ಮಾತ್ರೆ ಸರಿ, ಹುಡುಗ ಚುರುಕಾಗಿದ್ದಾನೆ. ಆದರೆ "ಕು" ಲಘು, "ವೆಂ" ಗುರು. ಲಗಾದಿಯಾಯಿತು. ಪಾದದ ಮೊದಲಿಗೆ ನಿಲ್ಲಲು ಅದಕ್ಕೆ ಅನುಮತಿಯಿಲ್ಲ. ಮುಂದೆ "ಈ" ಎಂದು ಒಂದು ಗುರು ಸೇರಿಸಿ "ಈ ಕುವೆಂಪುನಗರದ" ಎಂದರೆ ಈಕು, ವೆಂಪುನ, ಗರದ, ಮೂರು ನಾಲ್ಕು ಮೂರು, ನಿರಾಳವಾಗಿ ಒಳಗೆ ಬರುತ್ತದೆ. ಸರಸ್ವತೀಪುರದ್ದೂ ಇದೇ ಪಾಡು. ಮೈಸೂರಿನಲ್ಲಿ ಯಾರ ಹಂಗೂ ಇಲ್ಲದೆ ಭಾಮಿನಿಯೊಳಗೆ ನಡೆದು ಬರುವ ಬಡಾವಣೆ ಒಂಟಿಕೊಪ್ಪಲು. ಮನೆ ಬದಲಾಯಿಸುವ ಯೋಚನೆಯಿದ್ದರೆ ಅಲ್ಲಿ ನೋಡಿ ಎಂದು ಅವನಿಗೆ ಹೇಳಿ.